ಸಿದ್ದರಾಜು ಅಂಗೈ ಇಟ್ಟು ಪಾಸು ಮಾಡಿದ ಗ್ಯಾಂಟ್ರಿ

ಯಂತ್ರ ಕಟ್ಟುವ ಕೆಲಸಕ್ಕೆ ಹೊಸದಾಗಿ ಇಳಿದವರು ಈಗ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ. ಮನೆಯಲ್ಲೇ ಸಿ.ಎನ್.ಸಿ. ರೂಟರ್ ಮಾಡಿದ್ದೇವೆ, ಗ್ಯಾಂಟ್ರಿ ನಡುಗುತ್ತದೆ, ಏನು ಮಾಡೋದು ಎಂದು ಕೇಳುತ್ತಾರೆ. ನಾನು ಚನ್ನಪಟ್ಟಣದ ಅಂಗಡಿಯ ಷಟರ್ ಎಳೆದು, ಹೊಂಗನೂರಿನ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ನೋಡಿಕೊಂಡು ಇರುವವನು. ಆದರೂ ಅಂಥ ಚಿತ್ರ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಇಷ್ಟುದ್ದದ ಕಾಲು ಯಾಕೆ, ಒಂಟೆ ಮೇಯಿಸ್ತೀರಾ ಎಂದು ಬೈದು, ಏನು ಮಾಡಬೇಕೆಂದು ಹೇಳಿ ಕಳಿಸುತ್ತೇನೆ. ಅವರು ಹೋದ ಮೇಲೆ ಸಿದ್ದರಾಜು ನೆನಪಾಗುತ್ತಾನೆ, ಆಮೇಲೆ ಆವತ್ತೆಲ್ಲ ಮನಸ್ಸು ಸರಿ ಇರುವುದಿಲ್ಲ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಯಂತ್ರ ಯಾವುದೆಂದು ಹೇಳಿಬಿಡುತ್ತೇನೆ. ಒಂದು ಮೇಜು. ಅದರ ಮೇಲೆ ಮರದ ಹಲಗೆ ಬಿಗಿದಿರುತ್ತದೆ. ಮೇಜಿಗೆ ಅಡ್ಡಲಾಗಿ, ಎರಡು ಕಾಲಿನ ಮೇಲೆ ಒಂದು ತೊಲೆ ನಿಂತು ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಅದೇ ಗ್ಯಾಂಟ್ರಿ. ಆ ತೊಲೆಯ ಮೇಲೆ ಎಡಕ್ಕೂ ಬಲಕ್ಕೂ ಸರಿಯುವ ಒಂದು ಮೋಟಾರು, ಅದರ ಮೂತಿಯಲ್ಲಿ ಗರ್ರನೆ ತಿರುಗುವ ಚೂಪು ಅಲಗು, ಅದಕ್ಕೆ ಬಿಟ್ಟು ಎನ್ನುತ್ತೇವೆ. ಕಂಪ್ಯೂಟರ್ ಹೇಳಿದ ಗೆರೆಯಲ್ಲಿ ಬಿಟ್ಟು ಮರವನ್ನು ಕೊರೆಯುತ್ತದೆ. ಗ್ಯಾಂಟ್ರಿ ಕಲ್ಲಿನ ಹಾಗೆ ನಿಂತರೆ ಮರದ ಅಂಚು ನುಣ್ಣಗೆ ಬರುತ್ತದೆ. ಕೂದಲೆಳೆಯಷ್ಟು ನಡುಗಿದರೂ ಅಂಚಿನ ಮೇಲೆ ಶ್ಯಾವಿಗೆ ಎಳೆಯ ಹಾಗೆ ಗೀರುಗಳು ಬೀಳುತ್ತವೆ.

ನಾನು ಈ ಯಂತ್ರದವನಲ್ಲ. ನಾನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳ ಫಿಟ್ಟರ್ ಆಗಿ ಬೆಳೆದವನು. ಬೋರಯ್ಯ ಮೇಸ್ತ್ರಿ ನನ್ನ ಗುರು. ಕೆಲಸ ಬಲ್ಲವರು, ಬಾಯಿ ಮಾತ್ರ ಕೆಟ್ಟದ್ದು. ಸೇರಿದ ಹೊಸದರಲ್ಲಿ ಒಂದು ನೂಲಿನ ಶೆಡ್ಡಿನಲ್ಲಿ ರಾಟೆಗಳ ಉದ್ದ ಶಾಫ್ಟನ್ನು ಕೂರಿಸುವ ಕೆಲಸವನ್ನು ನನ್ನೊಬ್ಬನಿಗೇ ಬಿಟ್ಟರು. ನನಗೆ ಎಲ್ಲಿಲ್ಲದ ಹುಮ್ಮಸ್ಸು. ಪ್ರತಿಯೊಂದು ಬೋಲ್ಟನ್ನೂ ತೂತಿಗೆ ಸರಿಯಾಗಿ ಕೂರುವ ಹಾಗೆ ಮಾಡಿ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಿಗಿದೆ. ಬೆಳಿಗ್ಗೆ ತಣ್ಣಗಿದ್ದಾಗ ರಾಟೆಗಳು ಬುಗುರಿಯ ಹಾಗೆ ತಿರುಗಿದವು. ಗೂಡು ಬೇಯಿಸುವ ಬಿಸಿನೀರಿನ ಹಬೆ ಶೆಡ್ಡೆಲ್ಲ ತುಂಬಿದ ಮೇಲೆ ಕಬ್ಬಿಣ ಹಿಗ್ಗಿತು, ಕೆಳಗಿನ ಮರದ ಹಲಗೆ ಉಬ್ಬಿತು, ಶಾಫ್ಟು ಕಚ್ಚಿಕೊಂಡು ಇಡೀ ಸಾಲು ನಿಂತುಬಿಟ್ಟಿತು. ಬಾಣಲೆಯಲ್ಲಿದ್ದ ಗೂಡೆಲ್ಲ ಬೆಂದು ಗಂಜಿಯಾಯಿತು. ನೂಲು ತೆಗೆಯುವ ಹೆಂಗಸರು ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತ ನಿಂತರು.

ಬೋರಯ್ಯ ಬಂದರು. ಶಾಫ್ಟನ್ನು ನೋಡಿದರು, ನನ್ನನ್ನು ನೋಡಿದರು.

"ಏನ್ಲಾ ನಂಜ, ಮದ್ವೆ ಮಾಡ್ಸ್‌ಬುಟ್ಟಿದೀಯಾ ಶಾಫ್ಟಿಗೂ ಕಂಬಕ್ಕೂ? ಕಬ್ಬಿಣಾನೂ ಉಸ್ರಾಡ್ತದೆ ಕಣ್ಲಾ. ಒಸಿ ಜಾಗ ಬುಡು."

ಅಷ್ಟು ಹೇಳಿ, ಅರ ತೆಗೆದುಕೊಂಡು ತಾವೇ ಕೂತು ದುಂಡು ತೂತುಗಳನ್ನೆಲ್ಲ ಮೊಟ್ಟೆಯಾಕಾರಕ್ಕೆ ಉಜ್ಜಿದರು. ಅಂದಿನಿಂದ ನಾನು ಮಾಡಿದ ಯಾವ ಚೌಕಟ್ಟಿನಲ್ಲೂ ತೂತು ಒಸಿ ಉದ್ದಕ್ಕೇ ಇರುತ್ತಿತ್ತು, ಬೋಲ್ಟು ಒಸಿ ಸಡಿಲವೇ ಇರುತ್ತಿತ್ತು. ಎಲ್ ಆಕಾರಕ್ಕೆ ಮಡಿಸಿದ ತೆಳ್ಳನೆಯ ಆಂಗಲ್ ಕಬ್ಬಿಣ, ಬೇಕಾದಾಗ ಬಿಚ್ಚಿ ಮಹಡಿ ಮೆಟ್ಟಿಲು ಹತ್ತಿಸಬಹುದಾದ ಹಗುರ ಚೌಕಟ್ಟು. ಮಾಗಡಿ, ಕನಕಪುರದ ಕಡೆಯಿಂದಲೂ ನನ್ನನ್ನು ಕರೆಯುತ್ತಿದ್ದರು. ನಂಜಣ್ಣ ಕಟ್ಟಿದ್ದು ಕಚ್ಚಿಕೊಳ್ಳಲ್ಲ ಎನ್ನುವುದೇ ನನ್ನ ಹೆಸರಾಯಿತು, ಆ ಹೆಸರಿನ ಮೇಲೆ ನಾನು ಬದುಕು ಕಟ್ಟಿಕೊಂಡೆ.

ಆಮೇಲೆ ರಾಮನಗರಕ್ಕೆ ತಾನೇ ನಡೆಯುವ ದೊಡ್ಡ ಯಂತ್ರಗಳು ಬಂದವು. ಅವುಗಳ ರಿಪೇರಿಗೆ ಕಂಪನಿಯವರೇ ಬರುತ್ತಿದ್ದರು, ನಮ್ಮಂಥವರನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ನಾನು ಚನ್ನಪಟ್ಟಣಕ್ಕೆ ಬಂದು ಗೊಂಬೆ ಮಾಡುವವರ ಬೀದಿಯಲ್ಲಿ ಅಂಗಡಿ ಹಾಕಿದೆ. ಮರ ಕಡೆಯುವ ಲೇತ್ ಯಂತ್ರಕ್ಕೆ ಬೇರಿಂಗು ಹಾಕುವುದು, ಬೆಲ್ಟು ಬದಲಿಸುವುದು, ಗರಗಸ ಸರಿ ಮಾಡುವುದು. ಸಿದ್ದರಾಜು ಸಿಕ್ಕಿದ್ದು ಅಲ್ಲಿ.

ಸಿದ್ದರಾಜು ವಿರೂಪಾಕ್ಷಿಪುರದ ಕಡೆಯವನು. ಅವರಪ್ಪ ಕುರಿ ಸಾಕುತ್ತಿದ್ದರು. ಇವನು ಮಾತ್ರ ಗೊಂಬೆ ಕೆಲಸಕ್ಕೆ ಬಂದು, ಇಲ್ಲೇ ಭಾಗ್ಯಳನ್ನು ಮದುವೆಯಾಗಿ, ಇಬ್ಬರೂ ಸೇರಿ ಒಂದು ಸಣ್ಣ ಶೆಡ್ಡು ನಡೆಸುತ್ತಿದ್ದರು. ಲೆಕ್ಕ, ಆರ್ಡರು, ಬಣ್ಣ ಎಲ್ಲ ಭಾಗ್ಯಳದ್ದು. ಮರ ಕೊಯ್ಯುವುದು ಅವನದು. ಹಲಗೆಯಲ್ಲಿ ಆನೆ, ನವಿಲು, ಮಕ್ಕಳು ಜೋಡಿಸಿ ಆಡುವ ಅಕ್ಷರ, ಇಂಥವನ್ನೆಲ್ಲ ಮೇಜಿನ ಗರಗಸದಲ್ಲಿ ಬಳುಕಿಸಿ ಬಳುಕಿಸಿ ಕೊಯ್ಯುತ್ತಿದ್ದ. ಆ ಗರಗಸವನ್ನು ನಾವು ಜಿಗ್‌ಸಾ ಎನ್ನುತ್ತಿದ್ದೆವು. ಕೆಳಗಿನಿಂದ ಮೇಲಕ್ಕೆ ಟಕಟಕನೆ ಕುಣಿಯುವ ಸಣ್ಣ ಬ್ಲೇಡು. ಹಲಗೆ ಹಾರದ ಹಾಗೆ ಎರಡೂ ಅಂಗೈಯಿಂದ ಮೇಜಿಗೆ ಅದುಮಿ ಹಿಡಿಯಬೇಕು. ಬೆಳಗಿನಿಂದ ಸಂಜೆವರೆಗೆ ಅದೇ.

ಅವನ ಕೈ ನಮ್ಮ ಬೀದಿಯಲ್ಲಿ ಹೆಸರುವಾಸಿ. ಯಾರಾದರೂ ಹೊಸ ಯಂತ್ರ ತಂದರೆ ಪೂಜೆ ಮಾಡಿ, ನಿಂಬೆಹಣ್ಣು ಕೊಯ್ದು, ಯಂತ್ರ ಚಾಲೂ ಮಾಡಿ, ಸಿದ್ದರಾಜುವನ್ನು ಕರೆಯುತ್ತಿದ್ದರು. ಅವನು ಬಲಗೈಯ ಅಂಗೈಯನ್ನು ಬೇರಿಂಗಿನ ಮೇಲೆ ಇಟ್ಟು ಕಣ್ಣು ಮುಚ್ಚುತ್ತಿದ್ದ. ಎಲ್ಲರೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಒಳಗೆ ಒಂದು ಗುಂಡು ಸವೆದಿದ್ದರೂ ಹೇಳಿಬಿಡುತ್ತಿದ್ದ. ಸರಿ ಇದ್ದರೆ "ಪಾಸು" ಎನ್ನುತ್ತಿದ್ದ. ಅವನು ಪಾಸು ಎಂದ ಮೇಲೆ ಇನ್ನೊಬ್ಬರು ಅಲ್ಲಿ ಕೈ ಇಡುವಂತಿರಲಿಲ್ಲ. ಇಟ್ಟರೆ ಅವನನ್ನು ನಂಬಲಿಲ್ಲ ಎಂದ ಹಾಗೆ. ನನ್ನ ಯಂತ್ರಗಳನ್ನೂ ಅವನೇ ಪಾಸು ಮಾಡುತ್ತಿದ್ದ. ಒಮ್ಮೆಯೂ ತಪ್ಪಾಗಿರಲಿಲ್ಲ.

ಇನ್ನೊಂದು ವಿಷಯ. ಅವನು ಕುದಿಯುವ ಟೀ ತುಂಬಿದ ಸ್ಟೀಲ್ ಲೋಟವನ್ನು ಬರಿಗೈಯಲ್ಲಿ ಹಿಡಿದು ಕುಡಿಯುತ್ತಿದ್ದ. ನಾವು ಟವೆಲ್ಲಿನ ತುದಿಯಲ್ಲಿ ಹಿಡಿದರೂ ಉಫ್ ಉಫ್ ಎಂದು ಊದಿಕೊಳ್ಳುವಾಗ ಇವನು ಅರ್ಧ ಲೋಟ ಮುಗಿಸಿರುತ್ತಿದ್ದ. "ಇವ್ನ್ ಕೈ ಚರ್ಮ ಅಲ್ಲ ಕಣ್ರಪ್ಪ, ಎಮ್ಮೆ ತೊಗಲು" ಎಂದು ನಾನೇ ಎಷ್ಟೋ ಸಲ ರೇಗಿಸಿದ್ದೇನೆ. ಅವನೂ ನಗುತ್ತಿದ್ದ.

ಒಂದು ಚಳಿಗಾಲದ ಬೆಳಿಗ್ಗೆ ಭಾಗ್ಯ ನನ್ನ ಅಂಗಡಿಗೆ ಬಂದಳು.

"ಅಣ್ಣ, ಇವ್ರಿಗೆ ಬೆಳಿಗ್ಗೆ ಎದ್ದ್ರೆ ಬೆರಳ ತುದಿಯೆಲ್ಲ ಬೆಳ್ಳಗಾಗಿ ಜೋಮು ಹಿಡೀತದೆ. ಕೇಳಿದ್ರೆ ಏನೂ ಇಲ್ಲ ಅಂತಾರೆ. ಆ ಗರಗಸದಿಂದ ಎಬ್ಬಿಸ್ಬೇಕು. ಕಂಪ್ಯೂಟರ್‌ನಲ್ಲಿ ಕೊಯ್ಯೋ ಮಿಸನ್ ಬಂದದಂತಲ್ಲ, ಕೊಂಡ್ಕಳೋ ಶಕ್ತಿ ನಮಗಿಲ್ಲ. ನೀವೇ ಒಂದು ಕಟ್ಕೊಡಾಕಾಯ್ತದಾ?"

ಆಗಲ್ಲ ಎನ್ನುವ ಜಾಯಮಾನ ನನ್ನದಲ್ಲ. "ಆಯ್ತದೆ ಬುಡವ್ವ" ಎಂದೆ. ಮೋಟಾರು, ಕಂಟ್ರೋಲ್ ಪೆಟ್ಟಿಗೆ ಬೆಂಗಳೂರಿನಿಂದ ತರಿಸಿದರೆ ಆಯಿತು, ಕಬ್ಬಿಣದ ಕೆಲಸ ನನಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡೆ. ಅವತ್ತು ನಾನು ಒಪ್ಪಿದ್ದು ಒಂದೇ ಮಾತಿಗೆ. ಈ ಯಂತ್ರ ನಿಂತ ದಿನ ಸಿದ್ದರಾಜು ಗರಗಸದಿಂದ ಏಳಬೇಕು.

ಅವರ ಶೆಡ್ಡಿಗೆ ಹೋಗಿ, ತೊಲೆಯ ಕೆಳಗೆ ಎಷ್ಟು ಎತ್ತರ ಬೇಕು ಎಂದು ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮಕ್ಕಳು ಕೂತು ತೂಗಾಡುವ ಮರದ ಕುದುರೆ ಇದೆಯಲ್ಲ, ಅದರ ತಲೆಗೆ ಬೇಕಾಗುವ ದಪ್ಪ ದಿಮ್ಮಿಯೂ ಹಿಡಿಸಿಬಿಟ್ಟರೆ ಒಂದೇ ಯಂತ್ರದಲ್ಲಿ ಎಲ್ಲ ಆಗುತ್ತದೆ ಎಂದ ಸಿದ್ದರಾಜು. ನಮ್ಮೂರಿನಲ್ಲಿ ಕುದುರೆ ಮಾಡದವನನ್ನು ಗೊಂಬೆಯವನು ಎನ್ನುವುದಿಲ್ಲ. ನಾನೂ ಹೂಂ ಎಂದು ಮೊಳಕ್ಕೂ ಹೆಚ್ಚು ಎತ್ತರದ ಕಾಲು ಕೊಟ್ಟೆ. ತೊಲೆಗೆ ಆಂಗಲ್ ಜೋಡಿಸಿದೆ. ಎಲ್ಲ ತೂತೂ ಮೊಟ್ಟೆಯಾಕಾರ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ನನ್ನ ಕೈ ತಾನಾಗಿಯೇ ಒಸಿ ಜಾಗ ಬಿಡುತ್ತಿತ್ತು. ಗ್ಯಾಂಟ್ರಿಯನ್ನು ಹಿಂದೆ ಮುಂದೆ ಓಡಿಸುವ ಉದ್ದ ಸ್ಕ್ರೂ ಒಂದೇ, ಅದೂ ಒಂದು ಪಕ್ಕಕ್ಕೆ. ಮೋಟಾರು ತೊಲೆಯಿಂದ ಗೇಣುದ್ದ ಮುಂದಕ್ಕೆ ನೇತಾಡುತ್ತಿತ್ತು. ಈಗಿನವರು ಇದನ್ನು ಓದಿ ನಕ್ಕರೆ ನಗಲಿ. ನೋಡಲು ಮಾತ್ರ ಬಲು ಚೆನ್ನಾಗಿತ್ತು.

ಪೂಜೆಯಾಯಿತು. ಯಂತ್ರ ಚಾಲೂ ಆಯಿತು. ಸಿದ್ದರಾಜು ಕೈ ತೊಳೆದು, ಒರೆಸಿಕೊಂಡು, ಓಡುತ್ತಿರುವ ಗ್ಯಾಂಟ್ರಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಹಾಗೇ ಇದ್ದ.

"ಏನೂ ಇಲ್ಲ ಕಣಣ್ಣ. ಬಂಡೆ ಇದ್ದಂಗೈತೆ. ಪಾಸು."

ಎಲ್ಲರಿಗೂ ಮೈಸೂರುಪಾಕು ಹಂಚಿದರು. ಭಾಗ್ಯ ಅದೇ ಮಧ್ಯಾಹ್ನ ಗರಗಸದ ವೈರು ಕಿತ್ತು ಸುತ್ತಿಟ್ಟಳು.

ಮೊದಲ ಹಲಗೆ ಬಿಚ್ಚಿ ನೋಡಿದರೆ ಅಕ್ಷರಗಳ ಅಂಚೆಲ್ಲ ಗೀರು ಗೀರು. ಉಪ್ಪುಕಾಗದ ಹಾಕಿ ಉಜ್ಜುತ್ತಾ ಕೂತರೆ ಕೈಯಲ್ಲಿ ಕೊಯ್ದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ನಾನು ಕೊರೆಯುವ ಬಿಟ್ಟನ್ನು ಬದಲಿಸಿದೆ. ಗೀರು ಹೋಗಲಿಲ್ಲ. ಮರ ಹಸಿ ಇರಬೇಕೆಂದು ಒಣಗಿದ ಹಲಗೆ ತರಿಸಿದೆ. ಮೋಟಾರಿನ ಬೇರಿಂಗು ಬದಲಿಸಿದೆ. ಮೋಟಾರನ್ನೇ ಬದಲಿಸಿದೆ. ಕಂಪ್ಯೂಟರ್ ತಪ್ಪು ಲೆಕ್ಕ ಕೊಡುತ್ತಿದೆ ಎಂದು ಪೆಟ್ಟಿಗೆ ಕೊಟ್ಟವನ ಜೊತೆ ಫೋನಿನಲ್ಲಿ ಜಗಳವಾಡಿದೆ. ಗ್ಯಾಂಟ್ರಿಯ ತಂಟೆಗೆ ಮಾತ್ರ ಹೋಗಲಿಲ್ಲ. ಅದು ಪಾಸಾಗಿತ್ತಲ್ಲ. ಸಿದ್ದರಾಜುವಿನ ಅಂಗೈ ಸುಳ್ಳು ಹೇಳುತ್ತದೆ ಎಂದು ನನಗೆ ಕನಸಿನಲ್ಲೂ ಬರಲಿಲ್ಲ.

ಒಪ್ಪಿಕೊಂಡ ಆರ್ಡರುಗಳು ಕಾಯುವುದಿಲ್ಲ. ಭಾಗ್ಯ ಸುತ್ತಿಟ್ಟ ವೈರನ್ನು ಸಿದ್ದರಾಜು ತಾನೇ ಬಿಚ್ಚಿ ಸಿಕ್ಕಿಸಿದ. "ನೀನು ನಿಧಾನಕ್ಕೆ ಮಾಡಣ್ಣ, ಏನ್ ಅರ್ಜೆಂಟಿಲ್ಲ" ಎನ್ನುತ್ತ ಗರಗಸದ ಮುಂದೆ ಕೂತ. ನಾನು ಮೂಲೆಯಲ್ಲಿ ಬೇರಿಂಗು ಬಿಚ್ಚುತ್ತಿದ್ದೆ, ಅವನು ಟಕಟಕ ಎನ್ನುವ ಮೇಜಿಗೆ ಅಂಗೈ ಒತ್ತಿ ಕೊಯ್ಯುತ್ತಿದ್ದ. ಬೇಸಿಗೆ ಕಳೆದು ಮಳೆ ಶುರುವಾಯಿತು. ನಾನು ನಿಧಾನಕ್ಕೇ ಮಾಡುತ್ತಿದ್ದೆ.

ಗೊತ್ತಾದದ್ದು ಹೀಗೆ. ಯಂತ್ರ ಓಡುತ್ತಿದ್ದಾಗ ಮರದ ಹೊಟ್ಟು ಕಣ್ಣಿಗೆ ಬಿದ್ದು ನಾನು ಮುಗ್ಗರಿಸಿದೆ. ಆಸರೆಗೆ ಸಿಕ್ಕಿದ್ದು ಗ್ಯಾಂಟ್ರಿಯ ಕಾಲು. ಹಿಡಿದೆ. ಜ್ವರ ಬಂದವರ ಮೈಯ ಹಾಗೆ ಅದು ಗದಗದ ನಡುಗುತ್ತಿತ್ತು. ಕೈ ತೆಗೆದೆ, ಮತ್ತೆ ಇಟ್ಟೆ. ತೊಲೆಯ ಮೇಲೆ, ಸಿದ್ದರಾಜು ಅಂಗೈ ಇಟ್ಟಿದ್ದ ಜಾಗದಲ್ಲೇ ಇಟ್ಟೆ. ಅಲ್ಲಿ ಇನ್ನೂ ಹೆಚ್ಚು. ಇದನ್ನು ಹೇಳಲು ಹೆಸರುವಾಸಿ ಕೈ ಬೇಕಾಗಿರಲಿಲ್ಲ, ಯಾರ ಕೈಯಾದರೂ ಹೇಳುತ್ತಿತ್ತು. ನಾನು ತಿರುಗಿ ನೋಡಿದೆ. ಅವನು ಆಚೆ ಕೂತು, ಭಾಗ್ಯ ಆಗ ತಾನೇ ಒಲೆಯಿಂದ ಇಳಿಸಿ ಸುರಿದುಕೊಟ್ಟ ಟೀ ಲೋಟವನ್ನು ಅಂಗೈ ತುಂಬ ಹಿಡಿದುಕೊಂಡಿದ್ದ.

ನಾನು ಯಂತ್ರ ನಿಲ್ಲಿಸಿ ಅವನ ಹತ್ತಿರ ಹೋಗಿ ಕೂತೆ. ಭಾಗ್ಯ ಒಳಗಿದ್ದಳು.

"ಸಿದ್ದ, ಲೋಟ ಬಿಸಿ ಐತೇನ್ಲಾ?"

ಅವನು ಲೋಟ ನೋಡಿದ. ಹಬೆ ನೋಡಿದ. "ಐತೆ" ಎಂದ.

"ಹಬೆ ನೋಡ್ಕಂಡು ಹೇಳ್ಬೇಡ. ಕೈಗೆ ಗೊತ್ತಾಯ್ತದಾ?"

ಅವನು ಲೋಟವನ್ನು ಕೆಳಗಿಟ್ಟ.

"ಇಲ್ಲ ಕಣಣ್ಣ. ಶ್ಯಾನೆ ದಿನ ಆಯ್ತು. ಮೊದ್ಲು ತುದಿ ಹೋಯ್ತು, ಆಮೇಲೆ ಅಂಗೈ."

"ಮತ್ತೆ ಗ್ಯಾಂಟ್ರಿ ಮೇಲೆ ಕೈ ಮಡಗಿ ಬಂಡೆ ಇದ್ದಂಗೈತೆ ಅಂದ್ಯಲ್ಲೋ."

"ಇನ್ನೇನ್ ಅನ್ಲಿ? ಅಷ್ಟು ಜನದ ಮುಂದೆ ನನ್ ಕೈ ಸತ್ತೋಗೈತೆ ಅನ್ಲಾ? ಕಟ್ಟಿರಾದು ನೀನು. ನೀನ್ ಕಟ್ಟಿದ್ಮೇಲೆ ಗಟ್ಟಿಯಾಗೇ ಇರ್ತದೆ ಅಂತ ಅಂದ್ಬುಟ್ಟೆ."

ಅವನು ನನ್ನನ್ನು ನಂಬಿದ್ದ, ನಾನು ಅವನ ಅಂಗೈಯನ್ನು ನಂಬಿದ್ದೆ. ಯಂತ್ರದ ಮೇಲೆ ನಿಜವಾಗಿ ಯಾರ ಕೈಯೂ ಇರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, ಭಾಗ್ಯಳನ್ನು ಕರೆದು ಹೇಳಿದೆ. ಹೇಳಬೇಡ ಎಂದು ಅವನು ನನ್ನ ತೋಳು ಹಿಡಿದ. ಅವನ ಹಿಡಿತದಲ್ಲಿ ಬಲವೇನೋ ಇತ್ತು, ಆದರೆ ಎಷ್ಟು ಬಲ ಹಾಕುತ್ತಿದ್ದೇನೆ ಎನ್ನುವುದು ಅವನಿಗೇ ತಿಳಿಯುತ್ತಿರಲಿಲ್ಲ, ತೋಳು ಕೆಂಪಾಯಿತು.

ಭಾಗ್ಯ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವರ್ಷಗಟ್ಟಲೆ ಅದುರಿ ಅದುರಿ ಬೆರಳಿನ ನರಗಳೂ ರಕ್ತನಾಳಗಳೂ ಕೆಟ್ಟಿವೆ, ಇವತ್ತೇ ಗರಗಸ ಬಿಡಬೇಕು, ಬಿಟ್ಟರೆ ಮುಂದೆ ಕೆಡುವುದು ನಿಲ್ಲಬಹುದು, ಹೋದ ಸ್ಪರ್ಶ ಮರಳಿ ಬರುವ ಭರವಸೆ ಇಲ್ಲ ಎಂದರಂತೆ. ಶೆಡ್ಡಿಗೆ ಬಂದವಳು ಅವನನ್ನು ಕೂರಲು ಬಿಡದೆ, ಗರಗಸದ ಮುಂದೆ ತಾನು ಕೂತಳು. ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಒಬ್ಬರ ಕೈ ಉಳಿಸಲು ಕಟ್ಟುತ್ತಿದ್ದ ಯಂತ್ರ ತಡವಾಗಿ, ಈಗ ಇನ್ನೊಬ್ಬರ ಕೈ ಆ ಮೇಜಿನ ಮೇಲೆ ಬಂದು ಕೂತಿತು.

ಅವಸರದಲ್ಲಿ ಎರಡನೆಯ ಗ್ಯಾಂಟ್ರಿ ಕಟ್ಟಿದೆ. ನಡುಗುತ್ತದಲ್ಲವಾ, ಭಾರ ಹಾಕಿದರೆ ಸುಮ್ಮನಾಗುತ್ತದೆ ಎಂದು ದಪ್ಪ ಚಾನಲ್ ತಂದು ವೆಲ್ಡ್ ಮಾಡಿದೆ. ಇಬ್ಬರು ಹಿಡಿದರೂ ಎತ್ತಲಾಗದಷ್ಟು ಭಾರ. ನೇರ ಗೆರೆಯಲ್ಲಿ ಚೆನ್ನಾಗಿ ಹೋಯಿತು. ಅಕ್ಷರದ ಸುರುಳಿ ಬಂದ ಕೂಡಲೇ ಅಷ್ಟು ಭಾರವನ್ನು ತಿರುಗಿಸಲಾರದೆ ಓಡಿಸುವ ಮೋಟಾರು ಮುಲುಗಿತು, ಮೇಜೇ ನೆಲದ ಮೇಲೆ ಜರುಗಿತು. ಚಾನಲ್ ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ ಕಬ್ಬಿಣ. ಬಾಗಲಿಲ್ಲ ನಿಜ, ಆದರೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತಿತ್ತು. ಆ ಗ್ಯಾಂಟ್ರಿಗೆ ಹಾಕಿದ ವಾರಗಳೂ ವ್ಯರ್ಥವಾದವು. ಭಾಗ್ಯ ಸೆರಗಿನಿಂದ ಹೊಟ್ಟು ಕೊಡವಿಕೊಂಡು ಮತ್ತೆ ಗರಗಸಕ್ಕೆ ಹೋದಳು.

ಅವಳು ಗೊಂಬೆ ತುಂಬಲು ರಟ್ಟಿನ ಪೆಟ್ಟಿಗೆ ಮಡಿಸುತ್ತಿದ್ದಾಗ ನನಗೆ ಬುದ್ಧಿ ಬಂತು. ಬಾಯಿ ತೆರೆದ ಪೆಟ್ಟಿಗೆಯನ್ನು ಎರಡು ಮೂಲೆ ಹಿಡಿದು ತಿರುಚಿದರೆ ಸೊಟ್ಟಗಾಗುತ್ತದೆ. ಮುಚ್ಚಳ ಮುಚ್ಚಿ ಟೇಪು ಹಾಕಿದ ಮೇಲೆ ಅದೇ ತೆಳು ರಟ್ಟು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಬೇಕಾದದ್ದು ಬರೀ ಭಾರವಲ್ಲ, ನಾಲ್ಕೂ ಕಡೆ ಮುಚ್ಚಿದ ತೊಲೆ. ಮತ್ತೆ ಆ ಕಾಲು. ಎತ್ತರ ಹೆಚ್ಚಿದಷ್ಟೂ ತುದಿ ಓಲಾಡುತ್ತದೆ, ತೆಂಗಿನ ಮರ ನೋಡಿದವರಿಗೆಲ್ಲ ಗೊತ್ತಿರುವ ವಿಷಯ. ಅಳುಕುತ್ತಲೇ ಭಾಗ್ಯಳಿಗೆ ಹೇಳಿದೆ, ಕುದುರೆ ಆಸೆ ಬಿಡಬೇಕಾಗುತ್ತದೆ ಎಂದು.

"ಅಯ್ಯೋ ಬುಡಿ ಅಣ್ಣ, ಕುದ್ರೆ ಬೇಕಂದೋರ್ಯಾರು? ಮೊದ್ಲೇ ನನ್ನನ್ನ ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ" ಎಂದಳು. ಸಿದ್ದರಾಜು ಗೋಡೆ ನೋಡಿಕೊಂಡು ಕೂತಿದ್ದ.

ಮೂರನೆಯ ಗ್ಯಾಂಟ್ರಿಗೆ ನನ್ನ ಕೈ ರೂಢಿಯನ್ನೆಲ್ಲ ನಾನೇ ಮುರಿಯಬೇಕಾಯಿತು. ಬೋರಯ್ಯ ಮೇಸ್ತ್ರಿ ಹೇಳಿದ್ದು ಹಬೆಯ ಶೆಡ್ಡಿಗೆ ಸರಿ. ಇಲ್ಲಿ ಕಬ್ಬಿಣಕ್ಕೆ ಉಸಿರಾಡಲು ಜಾಗ ಕೊಟ್ಟರೆ ಆ ಜಾಗದಲ್ಲೇ ನಡುಕ ಹುಟ್ಟುತ್ತದೆ. ಕೆಲಸಕ್ಕೆ ಬರುವವರು ಇದನ್ನು ನೆನಪಿಟ್ಟುಕೊಳ್ಳಿ, ಗುರು ಹೇಳಿದ್ದು ಯಾವ ಯಂತ್ರಕ್ಕೆ ಎನ್ನುವುದನ್ನೂ ಜೊತೆಗೇ ನೆನಪಿಟ್ಟುಕೊಳ್ಳಿ. ತೊಲೆಗೆ ಚೌಕದ ಮುಚ್ಚಿದ ಪೈಪು ತಂದೆ. ಕಾಲನ್ನು ಹಲಗೆ ನುಸುಳುವಷ್ಟಕ್ಕೆ ಗಿಡ್ಡ ಮಾಡಿದೆ. ಕಾಲಿನ ಬುಡವನ್ನು ಅಗಲ ಮಾಡಿ, ಅದು ಓಡುವ ಗಾಲಿಗಳನ್ನು ದೂರ ದೂರ ಇಟ್ಟೆ. ವೆಲ್ಡಿಂಗ್ ಬಿಸಿಗೆ ಕಬ್ಬಿಣ ಸೊಟ್ಟಗಾಗುವುದರಿಂದ, ವೆಲ್ಡ್ ಆದ ಮೇಲೆ ಬಿಡದಿಯ ಒಂದು ಶಾಪಿನಲ್ಲಿ ಒಂದಕ್ಕೊಂದು ಕೂಡುವ ಮುಖಗಳನ್ನೆಲ್ಲ ಯಂತ್ರದಲ್ಲಿ ಹೆರೆಸಿ ಮಟ್ಟ ಮಾಡಿಸಿದೆ. ತೂತುಗಳು ದುಂಡಗೆ, ಬೋಲ್ಟಿನ ಜೊತೆ ಜರುಗದ ಹಾಗೆ ಉಕ್ಕಿನ ಪಿನ್ನು. ಓಡಿಸುವ ಸ್ಕ್ರೂ ಎರಡು, ಎಡಕ್ಕೊಂದು ಬಲಕ್ಕೊಂದು. ಕೊರೆಯುವ ಮೋಟಾರನ್ನು ತೊಲೆಗೆ ಅಂಟಿಕೊಂಡ ಹಾಗೆ ಒಳಕ್ಕೆ ತಂದೆ. ಕೊನೆಗೆ ರಾಮನಗರದ ಕ್ರಷರಿನಿಂದ ಕಲ್ಲಿನ ಪುಡಿ ತರಿಸಿ, ಒಣಗಿಸಿ, ಜರಡಿ ಹಿಡಿದು, ರೆಸಿನ್ ಅಂಟಿನಲ್ಲಿ ಕಲಸಿ ಮೇಜಿನ ಚೌಕಟ್ಟಿನೊಳಗೆಲ್ಲ ಗಿಡಿದು ತುಂಬಿದೆ. ಟೊಳ್ಳು ಕಬ್ಬಿಣವನ್ನು ತಟ್ಟಿದರೆ ಗಂಟೆಯ ಹಾಗೆ ಗುಂಯ್ ಎನ್ನುತ್ತದೆ. ತುಂಬಿದ ಮೇಲೆ ತಟ್ಟಿದರೆ ಅಕ್ಕಿ ಮೂಟೆ ತಟ್ಟಿದ ಹಾಗೆ ಡಬ್ ಎಂದು ಅಲ್ಲೇ ಸಾಯುತ್ತದೆ. ತೊಲೆಗೆ ಮಾತ್ರ ತುಂಬಲಿಲ್ಲ, ಅದು ಓಡಬೇಕಾದದ್ದು, ಭಾರದ ಪಾಠ ಒಂದು ಸಲ ಕಲಿತಾಗಿತ್ತು.

ಈ ಸಲ ಯಾರ ಅಂಗೈಯನ್ನೂ ಕೇಳಲಿಲ್ಲ. ಕೂದಲೆಳೆಯಷ್ಟು ಅಲುಗಿದರೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಕೂರಿಸಿ, ಬಿಟ್ಟು ಕೂರುವ ಮೂತಿಗೆ ಹಗ್ಗ ಕಟ್ಟಿ ಜಗ್ಗಿದೆ. ಮುಳ್ಳು ಅಲ್ಲಾಡಿತೋ ಇಲ್ಲವೋ ಎಂದು ಕನ್ನಡಕ ಏರಿಸಿ ನೋಡಬೇಕಾಯಿತು. ಮೊದಲ ಹಲಗೆ ಕೊರೆಯಿತು. ಭಾಗ್ಯ ಒಂದು ಅಕ್ಷರ ಬಿಡಿಸಿ, ಅಂಚಿನ ಮೇಲೆ ಬೆರಳಾಡಿಸಿ, ಮತ್ತೊಂದು ಬಿಡಿಸಿ ನೋಡಿದಳು. ಉಪ್ಪುಕಾಗದ ಬೇಡ, ಹೀಗೇ ಬಣ್ಣಕ್ಕೆ ಹೋಗುತ್ತದೆ ಎಂದಳು. ಅಷ್ಟು ಹೇಳಿ ಗರಗಸದ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಆಚೆ ಹೋಗಿ ನಿಂತೆ.

ಸಿದ್ದರಾಜು ಬಾಗಿಲ ಹೊರಗೇ ಇದ್ದ. ಮೂರನೆಯದು ಕಟ್ಟುವಾಗ ಅವನು ಶೆಡ್ಡಿನೊಳಗೆ ಬಂದಿರಲೇ ಇಲ್ಲ. ಬೀದಿಯವರೂ ಹೊಸ ಯಂತ್ರಕ್ಕೆ ಅವನನ್ನು ಕರೆಯುವುದನ್ನು ಬಿಟ್ಟಿದ್ದರು. ಯಾರೂ ಬೇಕೆಂದು ಬಿಟ್ಟದ್ದಲ್ಲ, ವಿಷಯ ಗೊತ್ತಾದ ಮೇಲೆ ಕರೆಯಲು ಮುಜುಗರ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ, ಟೀಶರ್ಟು ಹಾಕುತ್ತಿದ್ದ.

"ಬಾರ್ಲಾ, ಪಾಸು ಮಾಡು" ಎಂದೆ.

"ನನ್ನನ್ನ ಆಡ್ಕಬೇಡ ಕಣಣ್ಣ."

"ಆಡ್ಕಳಾಕೆ ನನಗೇನ್ ಬಂದದೆ? ನೀನ್ ಪಾಸು ಮಾಡ್ದೆ ಇದ್ರೆ ನಾನ್ ಇದನ್ನ ಬುಟ್ಟೋಗಲ್ಲ."

ಅವನು ಬಂದ. ಓಡುತ್ತಿರುವ ಯಂತ್ರದ ಮುಂದೆ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆಮೇಲೆ ಮೆಲ್ಲಗೆ ಬಗ್ಗಿ, ಚಲಿಸುವ ತೊಲೆಗೆ ತಾಗದ ಹಾಗೆ, ಮೇಜಿನ ಚೌಕಟ್ಟಿನ ಮೂಲೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದ. ಕೆನ್ನೆಗೆ ಇನ್ನೂ ಗೊತ್ತಾಗುತ್ತಿತ್ತು. ಬಹಳ ಹೊತ್ತು ಹಾಗೇ ಇದ್ದ. ಕೊರೆಯುವ ಬಿಟ್ಟು ಒಂದು ಇಡೀ ಅಕ್ಷರವನ್ನು ಸುತ್ತಿ ಬಂತು.

"ಸುಮ್ಗೈತೆ" ಎಂದ. "ಈಗ ನಿಜವಾಗ್ಲೂ ಸುಮ್ಗೈತೆ. ಪಾಸು."

ನನ್ನ ಕೆಲಸದ ಬದುಕಿನಲ್ಲಿ ನಾನು ಕಟ್ಟಿದವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತದ್ದು ಅದು. ಇವತ್ತಿಗೂ ಭಾಗ್ಯಳ ಶೆಡ್ಡಿನಲ್ಲಿ ಓಡುತ್ತಿದೆ. ಅವಳ ಕೈ ಉಳಿಯಿತು, ಅದೊಂದು ಸಮಾಧಾನ. ಆದರೆ ಅವತ್ತು ಅಷ್ಟಕ್ಕೇ ಮುಗಿಯಲಿಲ್ಲ. ಮೂವರೂ ಹೊರಗಿನ ಕಟ್ಟೆಯ ಮೇಲೆ ಕೂತೆವು. ಮೂಲೆಗೆ ಎಳೆದು ಹಾಕಿದ್ದ ಹಳೆಯ ಗರಗಸ ಬಾಗಿಲಿನಿಂದ ಕಾಣುತ್ತಿತ್ತು. ಸಿದ್ದರಾಜು ಅದನ್ನೇ ನೋಡುತ್ತಿದ್ದ.

"ಅಣ್ಣ, ಒಂದ್ ಮಾತು ಕೇಳ್ತೀನಿ. ಆ ಕಲ್ ಪುಡಿ ತುಂಬಿದ್ಯಲ್ಲ, ಅಂಗೇ ಆ ಗರಗಸದ ಮೇಜಿಗೂ ತುಂಬಿ, ಕೆಳಗೆ ಒಸಿ ರಬ್ಬರ್ ಕೊಟ್ಟಿದ್ರೆ, ಅದೂ ಸುಮ್ಗಾಯ್ತಿತ್ತಾ?"

ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ಕೆಲಸದವನಿಗೆ ಕೆಲಸದ ಮೇಲೆ ಇರುವ ಕುತೂಹಲ, ಅಷ್ಟೇ. ಆ ಗರಗಸವನ್ನು ನಾನು ಎಷ್ಟು ವರ್ಷ ರಿಪೇರಿ ಮಾಡಿದ್ದೆ. ಬ್ಲೇಡು ಓರೆಯಾದರೆ ಕರೆಯುತ್ತಿದ್ದರು, ಮರದ ಅಂಚು ಒರಟಾದರೆ ಕರೆಯುತ್ತಿದ್ದರು. ಕೈ ಅದುರುತ್ತದೆ ಎಂದು ಬೀದಿಯಲ್ಲಿ ಯಾರೂ ಯಾವತ್ತೂ ದೂರು ತಂದಿರಲಿಲ್ಲ, ನಾನೂ ಕೇಳಿರಲಿಲ್ಲ. ಮರ ಚೆನ್ನಾಗಿ ಬಂದರೆ ಯಂತ್ರ ಚೆನ್ನಾಗಿದೆ ಎಂದುಕೊಂಡಿದ್ದೆವು. ಅವನು ಕೇಳಿದ್ದು ಒಂದು ಮಧ್ಯಾಹ್ನದ ಕೆಲಸ. ಸುಳ್ಳು ಹೇಳೋಣ ಎಂದು ಬಾಯಿ ತೆರೆದೆ, ಆಗಲಿಲ್ಲ.

"ಆಯ್ತಿತ್ತು ಕಣೋ ಸಿದ್ದ. ಪೂರ್ತಿ ಅಲ್ದಿದ್ರೂ, ಶ್ಯಾನೆ ಕಮ್ಮಿ ಆಯ್ತಿತ್ತು."

"ಹೌದಾ" ಎಂದ. ಆಮೇಲೆ, "ನಮಗ್ ಹೊಳೀಲೇ ಇಲ್ಲ ನೋಡು" ಎಂದ. ನಮಗೆ ಎಂದ. ನಿನಗೆ ಎನ್ನಲಿಲ್ಲ. ಆ ಒಂದು ಮಾತನ್ನು ನಾನು ಈವರೆಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಭಾಗ್ಯ ಎದ್ದು ಹೋಗಿ ಒಳಗಿನಿಂದ ಟೀ ತಂದಳು. ನನ್ನ ಲೋಟ ನನಗೆ ಕೊಟ್ಟಳು. ಅವನ ಲೋಟವನ್ನು ಕೊಡದೆ ತನ್ನ ಅಂಗೈಯಲ್ಲೇ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಅವನೂ ಕೈ ಚಾಚಲಿಲ್ಲ, ಕಾಯುತ್ತಿದ್ದ. ಸಾಕಷ್ಟು ಆರಿದೆ ಎಂದು ಅವಳ ಕೈಗೆ ಗೊತ್ತಾದ ಮೇಲೆ ಅವನ ಕೈಗೆ ಕೊಟ್ಟಳು.